ದಾರಿ ಕೇಳಿಕೊಂಡು ನಡೆಯಿರಿ: ಓದುಗರ ಪತ್ರಗಳಿಗೆ ಉತ್ತರ

ಮಂಜೇಶ್ವರದಿಂದ ಆದೂರಿನವರೆಗೆ ಒಬ್ಬಳೇ ನಡೆದುಕೊಂಡು ಹೋದದ್ದರ ಬಗ್ಗೆ ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಹೆದ್ದಾರಿ ಬಿಟ್ಟು ಪೈವಳಿಕೆ, ಬಾಯಾರು, ಪೆರ್ಲ, ಬದಿಯಡ್ಕ, ಮುಳ್ಳೇರಿಯ ಅಂತ ಒಳದಾರಿಯಲ್ಲಿ ಹೋದ ನಡಿಗೆ ಅದು. ಅದನ್ನು ಓದಿದವರು ಬರೆದ ಪತ್ರಗಳನ್ನು ಸಂಪಾದಕರು ನನಗೆ ದಾಟಿಸಿದ್ದಾರೆ. ಹೊಸ ಓದುಗರಿಗೆ ಒಂದು ಮಾತು: ನಾನು ಕಾಸರಗೋಡಿನ ಗಡಿ ಪಂಚಾಯತುಗಳಲ್ಲಿ ಆರೋಗ್ಯ ಇಲಾಖೆಯ ಫೀಲ್ಡ್ ನರ್ಸ್ ಆಗಿದ್ದು ನಿವೃತ್ತಳಾದವಳು. ಲಸಿಕೆ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡು ಮನೆಯಿಂದ ಮನೆಗೆ ನಡೆದ ಕಾಲುಗಳಿವು. ಈಗ ಪೆಟ್ಟಿಗೆ ಇಲ್ಲ, ನಡಿಗೆ ಬಿಟ್ಟಿಲ್ಲ. ಊರಿನವರು ಇವತ್ತಿಗೂ ಸಿಸ್ಟರ್ ಅಂತಲೇ ಕರೆಯುತ್ತಾರೆ.

ನನಗೆ ಐವತ್ತನಾಲ್ಕು. ನಾಲ್ಕೈದು ದಿನ ಒಬ್ಬಳೇ ಹಳ್ಳಿಗಳ ನಡುವೆ ನಡೆಯಬೇಕೆಂದು ಬಹಳ ವರ್ಷದ ಆಸೆ. ಗಂಡ, ಮಗ ಇಬ್ಬರೂ ‘ಹೆಂಗಸರು ಒಬ್ಬರೇ ಹೋಗೋದಾ?’ ಅನ್ನುತ್ತಾರೆ. ರಾತ್ರಿ ಎಲ್ಲಿ ಉಳಿಯುವುದು? ಹಗಲು ಭಯವಿಲ್ಲವೇ?
– ಓದುಗರು, ದಾವಣಗೆರೆ

ರಾತ್ರಿಯದ್ದನ್ನು ಮೊದಲು ಬಗೆಹರಿಸಿಕೊಳ್ಳಿ ತಂಗಿ. ಟೆಂಟ್ ಹೊತ್ತುಕೊಂಡು ಗುಡ್ಡೆಯಲ್ಲಿ ಮಲಗುವ ಯೋಚನೆ ಇದ್ದರೆ ನಮ್ಮ ಕಡೆಗೆ ಅದು ಬೇಡ, ಬೇಕಾಗುವುದೂ ಇಲ್ಲ. ಕಾಸರಗೋಡಿನಲ್ಲೋ ಕುಂಬಳೆಯಲ್ಲೋ ಒಂದು ಒಳ್ಳೆಯ ಲಾಡ್ಜ್ ನೋಡಿ ಕೋಣೆ ಹಿಡಿಯಿರಿ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಇಳಿದು ನಡೆಯಲು ಶುರು ಮಾಡಿ. ಬಿಸಿಲು ಏರುವ ಹೊತ್ತಿಗೆ ಯಾವುದಾದರೂ ಪೇಟೆ ಸಿಕ್ಕೇ ಸಿಗುತ್ತದೆ, ಅಲ್ಲಿಂದ ಬಸ್ಸು ಹಿಡಿದು ಅದೇ ಲಾಡ್ಜಿಗೆ ಬನ್ನಿ. ಮರುದಿನ ನಿನ್ನೆ ನಿಲ್ಲಿಸಿದ ಬಸ್‌ಸ್ಟ್ಯಾಂಡಿಗೇ ಹೋಗಿ ಅಲ್ಲಿಂದ ಮುಂದಕ್ಕೆ. ದಾರಿ ಎಲ್ಲೂ ತುಂಡಾಗುವುದಿಲ್ಲ, ಬೆನ್ನಿಗೆ ನೀರು, ತಿಂಡಿ, ಬೈರಾಸು (ಟವೆಲ್) ಬಿಟ್ಟರೆ ಭಾರವಿಲ್ಲ, ರಾತ್ರಿ ಬಾಗಿಲು ಹಾಕಿಕೊಂಡು ನಿಶ್ಚಿಂತೆಯಿಂದ ನಿದ್ದೆ. ಮನೆಯವರಿಗೂ ಸಮಾಧಾನ. ನಾನು ದೂರದ ನಡಿಗೆಗಳನ್ನೆಲ್ಲ ಹೀಗೇ ಮಾಡಿದ್ದು. ಬದಿಯಡ್ಕ ದಾಟಿದ ಮೇಲೆ ಕುಂಬಳೆಯ ಬದಲು ಕಾಸರಗೋಡಿನಲ್ಲಿ ಉಳಿಯುವುದು ಸುಲಭ. ಕಡೆಯ ಬಸ್ಸು ಎಷ್ಟು ಗಂಟೆಗೆ ಅಂತ ಬೆಳಿಗ್ಗೆಯೇ ಕಂಡಕ್ಟರರ ಹತ್ತಿರ ಕೇಳಿ, ಅದಕ್ಕಿಂತ ಎರಡು ಬಸ್ಸು ಮೊದಲೇ ಹತ್ತಿ.

ಇನ್ನು ಹಗಲು. ನಮ್ಮ ಕಡೆ ಹಳ್ಳಿ ಅಂದರೆ ಒತ್ತಿಗೆ ಕಟ್ಟಿದ ಮನೆಗಳ ಸಾಲು ಅಲ್ಲ. ಒಂದು ಗುಡ್ಡೆಯ ಬುಡದಲ್ಲಿ ಒಂದು ಮನೆ, ಅದರ ಸುತ್ತ ತೋಟ. ಆಚೆ ತೋಡು (ಸಣ್ಣ ಹಳ್ಳ), ತೋಡಿನಾಚೆ ಮತ್ತೊಂದು ತೋಟ, ಮತ್ತೊಂದು ಮನೆ. ಕಾಲುದಾರಿ ಒಬ್ಬರ ತಡಮೆ (ಬೇಲಿಯಲ್ಲಿ ಜನ ದಾಟಲು ಬಿಟ್ಟ ಕಂಡಿ) ದಾಟಿ, ಅಂಗಳದ ಬದಿಯಲ್ಲೇ ಹಾದು, ದನದ ಹಟ್ಟಿಯ ಹಿಂದಿನಿಂದ ತೋಟಕ್ಕೆ ಇಳಿಯುತ್ತದೆ. ಅಂದರೆ ನೀವು ನಡೆಯುವುದು ಜನರ ಮನೆಯೊಳಗಿನಿಂದಲೇ ಅನ್ನಬೇಕು. ಹಾಗಾಗಿ ನಾನು ಹೇಳುವ ಒಂದೇ ಒಂದು ನಿಯಮ: ಪ್ರತಿ ಅಂಗಳದಲ್ಲೂ ನಿಂತು ದಾರಿ ಕೇಳಿ. ಗೊತ್ತಿದ್ದರೂ ಕೇಳಿ. ಫೋನಿನಲ್ಲಿ ಕಾಣುತ್ತಿದ್ದರೂ ಕೇಳಿ.

ಡಿಸೆಂಬರಿನಿಂದ ಫೆಬ್ರವರಿಯವರೆಗೆ ಅಂಗಳದ ತುಂಬ ಅಡಿಕೆ ಹರಡಿರುತ್ತದೆ. ಅಡಿಕೆಯ ಮೇಲೆ ಕಾಲಿಡದೆ, ದಾಟದೆ, ಅಂಚಿನಲ್ಲಿ ನಿಂತು ‘ಅಕ್ಕಾ’ ಅಂತ ಕರೆಯಿರಿ. ಮೊದಲು ನಾಯಿ ಬರುತ್ತದೆ, ಆಮೇಲೆ ಅಕ್ಕ ಬರುತ್ತಾರೆ. ‘ಇಲ್ಲಿಂದ ಧರ್ಮತ್ತಡ್ಕಕ್ಕೆ ಒಳದಾರಿ ಉಂಟಾ?’ ಅಂತ ಕೇಳಿದ ಕೂಡಲೇ ಉತ್ತರ ಬರುವುದಿಲ್ಲ. ‘ಎಲ್ಲಿಂದ ಬಂದದ್ದು? ನಡ್ಕೊಂಡಾ? ಒಬ್ಬರೇಯಾ?’ ಅಂತ ಮೂರು ಪ್ರಶ್ನೆ ಬರುತ್ತದೆ. ಆಮೇಲೆ ‘ಆಸರಿಗೆ (ಬಾಯಾರಿಕೆಗೆ) ಎಂತ ಬೇಕು?’ ಚೆಂಬಿನಲ್ಲಿ ನೀರು, ತಟ್ಟೆಯಲ್ಲಿ ಒಂದು ತುಂಡು ಬೆಲ್ಲ. ಬೇಡ ಅನ್ನಬೇಡಿ. ಬೆಲ್ಲ ಬಾಯಿಗೆ ಹಾಕಿ ಎತ್ತಿ ನೀರು ಕುಡಿಯುವಷ್ಟರಲ್ಲಿ ಅವರು ನಿಮ್ಮನ್ನು ಪೂರ್ತಿ ನೋಡಿಯಾಗಿರುತ್ತದೆ. ಆ ಕ್ಷಣದಿಂದ ನೀವು ಅವರ ಲೆಕ್ಕದಲ್ಲಿ ಇದ್ದೀರಿ. ಮುಂದಿನ ಮನೆಗೆ ಫೋನ್ ಮಾಡಿ ‘ಒಬ್ಬರು ಅಮ್ಮ ಬರ್ತಾ ಇದ್ದಾರೆ, ಸಂಕದ (ಕಾಲುಸೇತುವೆಯ) ಹತ್ತಿರ ದಾರಿ ತಪ್ಪುವುದು ಬೇಡ, ನೋಡಿ’ ಅನ್ನುತ್ತಾರೆ. ಇದು ನನಗೆ ಎಷ್ಟೋ ಸಲ ಆದದ್ದು. ನಾನು ಸಿಸ್ಟರ್ ಅಂತ ಗೊತ್ತಿರದ ಊರುಗಳಲ್ಲೂ ಆದದ್ದು. ಒಂಟಿ ಹೆಂಗಸಿಗೆ ಇದಕ್ಕಿಂತ ದೊಡ್ಡ ಕಾವಲು ನನಗೆ ಗೊತ್ತಿಲ್ಲ.

ನಿಮ್ಮ ಯಜಮಾನರಿಗೂ ಮಗನಿಗೂ ಇದನ್ನು ಓದಿ ಹೇಳಿ. ಮೊದಲ ದಿನ ಮಗ ಜತೆಗೆ ಬಂದು ಅರ್ಧ ದಾರಿ ನಡೆದು ಹೋಗಲಿ, ಬೇಸರವಿಲ್ಲ. ಎರಡನೆಯ ದಿನ ನೀವೇ ಅವನನ್ನು ಮನೆಗೆ ಕಳಿಸಿಕೊಡುತ್ತೀರಿ.

ಯಾವ ತಿಂಗಳಲ್ಲಿ ಬರಬೇಕು? ದಾರಿಯನ್ನು ಸ್ವಲ್ಪ ವಿವರವಾಗಿ ಹೇಳುತ್ತೀರಾ?
– ಓದುಗರು, ಶಿವಮೊಗ್ಗ

ಮಳೆಗಾಲದಲ್ಲಿ ಬೇಡ. ಇಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತೋಡು ತುಂಬಿ ಹರಿಯುವಾಗ ಅಡಿಕೆ ಮರದ ಕಾಲುಸಂಕದ ಮೇಲೆ ಹೊಸಬರು ಹೆಜ್ಜೆ ಇಡುವುದು ಅಪಾಯ. ಮಾರ್ಚ್ ನಂತರ ಪದವುಗಳ (ಗುಡ್ಡೆಯ ಮೇಲಿನ ಚಪ್ಪಟೆ ಬಯಲುಗಳ) ಮೇಲೆ ನೆರಳೇ ಇಲ್ಲ, ಮುರಕಲ್ಲು (ಜಂಬಿಟ್ಟಿಗೆ) ಕಾದು ಚಪ್ಪಲಿಯೊಳಗೆ ಬಿಸಿ ಹತ್ತುತ್ತದೆ. ಡಿಸೆಂಬರ್, ಜನವರಿ ಸರಿ.

ಡಿಸೆಂಬರಿಗೆ ಇನ್ನೊಂದು ಕಾರಣವೂ ಇದೆ. ಮಳೆ ನಿಂತು ತೋಡಿನ ನೀರು ಇಳಿಯುವ ಹೊತ್ತಿಗೆ ಕೃಷಿಕರು ಸೇರಿ ಅಡ್ಡಕ್ಕೆ ಕಟ್ಟ ಕಟ್ಟುತ್ತಾರೆ. ಕಲ್ಲು, ಮಣ್ಣು, ಅಡಿಕೆ ಮರ, ಈಗೀಗ ಪ್ಲಾಸ್ಟಿಕ್ ಶೀಟು. ನೀರು ಹಿಂದಕ್ಕೆ ನಿಂತು ಬೇಸಿಗೆಯಲ್ಲಿ ಬಾವಿಗಳಿಗೆ, ತೋಟಗಳಿಗೆ ಒದಗುತ್ತದೆ. ಕುಂಬ್ಡಾಜೆ ಪಂಚಾಯತಿನ ಏತಡ್ಕದಲ್ಲಿ ಒಂದೇ ತೋಡಿಗೆ ಒಂದರ ಮೇಲೊಂದು ಇಂಥ ಕಟ್ಟಗಳು. ಮಳೆಗಾಲಕ್ಕೆ ಮೊದಲು ಅದನ್ನು ಬಿಚ್ಚುತ್ತಾರೆ, ಮುಂದಿನ ವರ್ಷ ಮತ್ತೆ ಕಟ್ಟಬೇಕು. ಹೊಸ ಕಟ್ಟದ ತಲೆಯ ಮೇಲೆ ಮಣ್ಣು ಇನ್ನೂ ಹಸಿ ಇರುವಾಗ ಅದರ ಮೇಲೆ ನಡೆದು ದಾಟುವುದು, ಒಂದು ಬದಿಯಲ್ಲಿ ತುಂಬಿ ನಿಂತ ನೀರು, ಇನ್ನೊಂದು ಬದಿಯಲ್ಲಿ ಬರಿಯ ಕಲ್ಲು, ನಡುವೆ ನಾವು! ಹಾಗೆ ದಾಟುವಾಗ ಊರಿನವರು ಕೆಲಸದಲ್ಲಿದ್ದರೆ ಒಂದೆರಡು ಬುಟ್ಟಿ ಮಣ್ಣು ಕೈ ದಾಟಿಸಿ ಹೋಗಿ. ನಾನು ಹಾಗೆ ಮಾಡಿ ಗಂಜಿಯೂಟವನ್ನೂ ಮಾಡಿ ಹೊರಟವಳು.

ದಾರಿಯ ವಿಷಯ. ಮಂಜೇಶ್ವರದಲ್ಲಿ ಗೋವಿಂದ ಪೈಗಳ ಮನೆ ಗಿಳಿವಿಂಡನ್ನು ನೋಡಿ ಹೊರಡಿ. ರಾಷ್ಟ್ರಕವಿಯೆಂದು 1949ರಲ್ಲಿ ಗೌರವ ಪಡೆದವರು ಕೂತು ಬರೆದ ಊರು ಅದು, ಕಡಲು ಹತ್ತಿರ. ಹೆದ್ದಾರಿ ಈಗ ಆರು ಪಥ ಆಗಿರುವುದರಿಂದ ಮೊದಲಿನ ಹಾಗೆ ಎಲ್ಲಿ ಬೇಕಾದರೂ ದಾಟಲಾಗುವುದಿಲ್ಲ, ಅಂಡರ್‌ಪಾಸ್ ಹುಡುಕಿ ಅದರ ಅಡಿಯಿಂದಲೇ ಪೂರ್ವಕ್ಕೆ ಬನ್ನಿ. ಪೈವಳಿಕೆ, ಬಾಯಾರು ಕಡೆಗೆ ನಿಧಾನಕ್ಕೆ ಏರು. ಧರ್ಮತ್ತಡ್ಕದ ಪೊಸಡಿಗುಂಪೆಯ ನೆತ್ತಿಗೆ ಬೆಳಿಗ್ಗೆಯೇ ಹತ್ತಿ. ಆಕಾಶ ತಿಳಿಯಾಗಿದ್ದರೆ ಪಡುವಣಕ್ಕೆ ಅರಬ್ಬಿ ಕಡಲು, ಮೂಡಣಕ್ಕೆ ಘಟ್ಟದ ಸಾಲು. ಅಲ್ಲಿಂದ ಶಿರಿಯ ಹೊಳೆ ದಾಟಿ ಎಣ್ಮಕಜೆ, ಪೆರ್ಲ. ಆಮೇಲೆ ಬದಿಯಡ್ಕ. ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಬದುಕಿದ ನೆಲ, ಕಾಸರಗೋಡು ಕರ್ನಾಟಕಕ್ಕೆ ಸೇರಬೇಕೆಂದು ಕೊನೆಯವರೆಗೆ ಹೇಳಿಕೊಂಡೇ ಇದ್ದವರು, ನೂರು ವರ್ಷ ತುಂಬಿಸಿ 2015ರಲ್ಲಿ ಹೋದರು. ಬದಿಯಡ್ಕದಿಂದ ಏತಡ್ಕಕ್ಕೆ ಸುತ್ತು ಹಾಕಿ ಮುಳ್ಳೇರಿಯ, ಆಮೇಲೆ ಆದೂರು. ಮಹಾಲಿಂಗೇಶ್ವರನ ದೇವಸ್ಥಾನದ ಬಳಿ ಪಯಸ್ವಿನಿ ಹರಿಯುತ್ತದೆ. ಕೊಡಗಿನ ಬೆಟ್ಟದಿಂದ ಬಂದ ಇದೇ ನೀರು ಕೆಳಗೆ ಚಂದ್ರಗಿರಿ ಎಂಬ ಹೆಸರಲ್ಲಿ ಕಾಸರಗೋಡಿನ ಹತ್ತಿರ ಕಡಲಿಗೆ ಸೇರುತ್ತದೆ.

ದಿನಕ್ಕೆ ಹನ್ನೆರಡು ಕಿಲೋಮೀಟರ್ ಸಾಕು. ಏರಿಳಿತ ಇರುವ ಕಡೆ ಅದೇ ಹೆಚ್ಚು.

ಸುರಂಗದ ನೀರು ಕುಡಿದೆ ಅಂತ ಬರೆದಿದ್ದೀರಿ. ಅದೇನು ಸುರಂಗ? ಬಾವಿ ಅಲ್ಲವಾ?
– ಓದುಗರು, ಹುಬ್ಬಳ್ಳಿ

ಬಾವಿಯನ್ನು ಕೆಳಕ್ಕೆ ತೋಡುತ್ತಾರೆ, ಸುರಂಗವನ್ನು ಗುಡ್ಡೆಯ ಹೊಟ್ಟೆಗೆ ಅಡ್ಡಕ್ಕೆ ಕೊರೆಯುತ್ತಾರೆ. ಮುರಕಲ್ಲಿನ ಗುಡ್ಡೆ ಮಳೆಗಾಲವಿಡೀ ನೀರು ಕುಡಿದಿರುತ್ತದೆ. ಒಬ್ಬ ಮನುಷ್ಯ ಸ್ವಲ್ಪ ಬಗ್ಗಿ ಹೋಗುವಷ್ಟು ಎತ್ತರ, ಎರಡು ಭುಜ ತಾಗುವಷ್ಟು ಅಗಲ. ಒಳಗೆ ಕೂತು ಪಿಕ್ಕಾಸಿನಲ್ಲಿ ಕಡಿಯುವುದು, ಮಣ್ಣನ್ನು ಹಿಂದಕ್ಕೆ ಎಳೆದು ಹೊರಗೆ ಹಾಕುವುದು. ಜತೆಗೆ ಒಂದು ಮೇಣದ ಬತ್ತಿಯೋ ದೀಪವೋ ಉರಿಯುತ್ತಿರಬೇಕು. ಅದು ನಂದಿಹೋಗುವ ಹಾಗಾದರೆ ಒಳಗೆ ಉಸಿರಾಟಕ್ಕೆ ಗಾಳಿ ಸಾಲುವುದಿಲ್ಲ ಅಂತ ಅರ್ಥ, ಕೂಡಲೇ ಹೊರಗೆ ಬರಬೇಕು. ನೀರಿನ ಒಸರು ಸಿಕ್ಕಿದರೆ ಅದು ತನ್ನಷ್ಟಕ್ಕೆ ಹರಿದು ಸುರಂಗದ ಬಾಯಿಗೆ ಬರುತ್ತದೆ. ಪಂಪು ಬೇಡ, ಕರೆಂಟು ಬೇಡ. ಬಾಯಿಯ ಹತ್ತಿರ ಮಣ್ಣಿನ ಸಣ್ಣ ಅಡ್ಡ ಕಟ್ಟಿ ಪೈಪಿನಲ್ಲಿ ಮನೆಯ ಟ್ಯಾಂಕಿಗೆ ಬಿಡುತ್ತಾರೆ, ಮೊದಲು ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಬಿಡುತ್ತಿದ್ದರು.

ಎಷ್ಟು ಕಡಿದರೂ ನೀರು ಸಿಗದೇ ಹೋಗುವುದುಂಟು. ಗಡಿಯಾಚೆ ಅಡ್ಯನಡ್ಕದ ಹತ್ತಿರ ಅಮೈ ಮಹಾಲಿಂಗ ನಾಯ್ಕರು ಬೋಳು ಗುಡ್ಡೆಯಲ್ಲಿ ಒಬ್ಬರೇ ಕೊರೆದು, ಒಂದಾದ ಮೇಲೊಂದು ಸುರಂಗ ಬತ್ತಿದರೂ ಬಿಡದೆ ಮತ್ತೆ ಕೊರೆದು ನೀರು ತಂದವರು. 2022ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನಮ್ಮ ಕಡೆಯವರಿಗೆಲ್ಲ ನಮ್ಮ ಮನೆಗೇ ಬಂದಷ್ಟು ಸಂತೋಷವಾಯಿತು.

ನೀರು ತಂಪು, ರುಚಿ. ಆದರೆ ಮನೆಯವರು ಕೊಟ್ಟರೆ ಮಾತ್ರ ಕುಡಿಯಿರಿ, ನೀವಾಗಿ ಸುರಂಗದ ಬಾಯಿಗೆ ಬಾಟಲಿ ಹಿಡಿಯಬೇಡಿ. ಒಳಗೆ ಹೊಕ್ಕು ನೋಡುವ ಆಸೆಯಂತೂ ಬೇಡವೇ ಬೇಡ. ಬಾವಲಿ, ಹಾವು ಇರುತ್ತವೆ, ಹಳೆಯ ಸುರಂಗ ಕುಸಿಯಲೂಬಹುದು.

ಕಾಲಿನ ಗುಳ್ಳೆ, ಹಾವು, ನಾಯಿ. ಈ ಮೂರಕ್ಕೆ ಏನು ಮಾಡುತ್ತೀರಿ?
– ಓದುಗರು, ಮೈಸೂರು

ಇದು ನನ್ನ ಕಸುಬಿನ ಪ್ರಶ್ನೆ.

ಗುಳ್ಳೆ ಬರುವುದು ಹೊಸ ಶೂ ಮತ್ತು ಒದ್ದೆ ಸಾಕ್ಸಿನಿಂದ. ತಿಂಗಳುಗಟ್ಟಲೆ ಮೆಟ್ಟಿ ಹದವಾದ ಶೂ ಹಾಕಿ, ಸಾಕ್ಸ್ ಎರಡು ಜತೆ ಇರಲಿ, ಒಂದು ಬೆವತರೆ ಚೀಲದ ಹೊರಗೆ ಕಟ್ಟಿ ಇನ್ನೊಂದು. ಚರ್ಮ ಕೆಂಪಾಗಿ ಉರಿ ಶುರುವಾದ ಕೂಡಲೇ ನಿಲ್ಲಿಸಿ ಅಲ್ಲಿಗೆ ಪ್ಲಾಸ್ಟರ್ ಹಚ್ಚಿ. ಗುಳ್ಳೆ ಎದ್ದ ಮೇಲೆ ಅದರ ಮೇಲಿನ ಚರ್ಮ ಕಿತ್ತು ತೆಗೆಯಬೇಡಿ, ಅದೇ ಅದರ ಬ್ಯಾಂಡೇಜು.

ಹಾವು. ಮುಳಿಹುಲ್ಲು ಎದ್ದ ಕಡೆ, ಒಣಗಿದ ಅಡಿಕೆ ಸೋಗೆಯ ರಾಶಿಯ ಹತ್ತಿರ, ಮುರಕಲ್ಲಿನ ಕಟ್ಟೆಯ ಬಿರುಕಿನಲ್ಲಿ ಕನ್ನಡಿ ಹಾವು (ಕೊಳಕುಮಂಡಲ) ಇರುತ್ತದೆ. ಅದು ಸರಿದು ಹೋಗುವ ಜಾತಿಯಲ್ಲ, ಮಲಗಿದಲ್ಲೇ ಇರುತ್ತದೆ, ಮೆಟ್ಟಿದರೆ ಕಚ್ಚುತ್ತದೆ. ಕೈಯಲ್ಲಿ ಒಂದು ಕೋಲು ಹಿಡಿದು ಮುಂದೆ ತಟ್ಟುತ್ತಾ ನಡೆಯಿರಿ. ಕಾಣದ ಕಡೆ ಕಾಲಿಡಬೇಡಿ, ಕೈಯೂ ಇಡಬೇಡಿ. ಕತ್ತಲಾದ ಮೇಲೆ ನಡೆಯಲೇಬೇಡಿ. ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಯಲ್ಲಿ ಹೀರುವುದು ಯಾವುದೂ ಬೇಡ. ಉಂಗುರ, ಕಾಲ್ಗೆಜ್ಜೆ, ವಾಚು ತೆಗೆಯಿರಿ, ಬಾವು ಬಂದ ಮೇಲೆ ತೆಗೆಯಲಾಗುವುದಿಲ್ಲ. ಕಚ್ಚಿದ ಕಾಲನ್ನು ಅಲುಗಿಸದೆ, ನಡೆಯದೆ, ಹತ್ತಿರದ ಮನೆಯವರನ್ನು ಕೂಗಿ. 108ಕ್ಕೆ ಫೋನ್ ಮಾಡಿಸಿ, ವಿಷಕ್ಕೆ ಇಂಜೆಕ್ಷನ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು. ಪ್ರತಿ ಅಂಗಳದಲ್ಲಿ ಮಾತಾಡಿ ಹೋಗಿ ಅಂತ ನಾನು ಹಟ ಮಾಡುವುದು ಇಂಥದ್ದಕ್ಕೂ ಹೌದು. ನೀವು ಯಾವ ದಾರಿಯಲ್ಲಿ ಹೋದಿರಿ ಅಂತ ಒಬ್ಬರಿಗಾದರೂ ಗೊತ್ತಿರಬೇಕು.

ನಾಯಿಗೆ ಹೆದರಿ ಓಡಬೇಡಿ, ಕಲ್ಲು ಎತ್ತಬೇಡಿ. ನಿಂತು, ಮನೆಯವರನ್ನು ಕರೆಯಿರಿ. ಕಚ್ಚಿದರೆ, ಪರಚಿದರೂ ಸರಿ, ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅದೇ ದಿನ ಲಸಿಕೆಗೆ ಹೋಗಿ. ‘ಮನೆ ನಾಯಿ, ಏನೂ ಆಗುವುದಿಲ್ಲ’ ಅಂದರೆ ಕೇಳಬೇಡಿ.

ನೀವು ಕೇಳದ ಒಂದನ್ನು ಸೇರಿಸುತ್ತೇನೆ. ಇಲಿಜ್ವರ. ಕಾಲಲ್ಲಿ ಗಾಯವಿಟ್ಟುಕೊಂಡು ಗದ್ದೆಯ ಕೆಸರಿಗೆ, ತೋಟದ ಉಜಿರುಕಣಿಗೆ (ನೀರು ಬಸಿದು ಹೋಗುವ ಚರಂಡಿಗೆ) ಇಳಿಯಬೇಡಿ. ಇಲಿಯ ಮೂತ್ರ ಸೇರಿದ ನೀರು ಗಾಯದ ಮೂಲಕ ಒಳಗೆ ಹೋಗುತ್ತದೆ. ಸಾಮಾನ್ಯವಾಗಿ 5ರಿಂದ 14 ದಿನ ಬಿಟ್ಟು ಜ್ವರ, ಮೀನಖಂಡದಲ್ಲಿ ನೋವು, ಕಣ್ಣು ಕೆಂಪು. ಆಗ ನೀವು ಊರಿಗೆ ವಾಪಸು ಹೋಗಿರುತ್ತೀರಿ, ಅಲ್ಲಿಯ ಡಾಕ್ಟರಿಗೆ ನೀವು ಕೆಸರಲ್ಲಿ ನಡೆದದ್ದು ಗೊತ್ತಿರುವುದಿಲ್ಲ. ನೀವೇ ಹೇಳಬೇಕು. ಬೇಗ ಗೊತ್ತಾದರೆ ಸುಲಭದ ಮದ್ದಿನಲ್ಲಿ ಗುಣವಾಗುವ ಕಾಯಿಲೆ, ತಡವಾದರೆ ಕಿಡ್ನಿ, ಲಿವರ್ ಹಿಡಿಯುತ್ತದೆ.

ಮಲಯಾಳಂ ಬರುವುದಿಲ್ಲ. ತೊಂದರೆಯಾ?
– ಓದುಗರು, ಗದಗ

ಇಲ್ಲ. ಮಂಜೇಶ್ವರ, ಕಾಸರಗೋಡು ತಾಲೂಕುಗಳ ಒಳನಾಡಿನಲ್ಲಿ ಕನ್ನಡಕ್ಕೆ ಉತ್ತರ ಸಿಗದ ಅಂಗಳ ಕಡಿಮೆ. ತುಳು, ಹವ್ಯಕ, ಬ್ಯಾರಿ, ಮರಾಟಿ, ಕೊಂಕಣಿ, ಮಲಯಾಳಂ ಏನೇ ಮನೆಮಾತಾಗಿರಲಿ, ನೀವು ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತಾರೆ. ಬಸ್ಸಿನ ಬೋರ್ಡು ಮಾತ್ರ ಓದಲಾಗದೆ ಕಷ್ಟವಾಗಬಹುದು, ಹತ್ತುವ ಮೊದಲು ಬಾಯಿಬಿಟ್ಟು ಕೇಳಿ.

ನಾನು ಇಪ್ಪತ್ತಾರು ವರ್ಷದ ಸಾಫ್ಟ್‌ವೇರ್ ಉದ್ಯೋಗಿ. ನಿಮ್ಮ ದಾರಿಯನ್ನು ಜಿಪಿಎಸ್‌ನಲ್ಲಿ ದಾಖಲಿಸಿ ಎಲ್ಲರಿಗೂ ಸಿಗುವ ಹಾಗೆ ಹಾಕಬೇಕೆಂದಿದ್ದೇನೆ. ದಾರಿಯುದ್ದಕ್ಕೂ ವಿಡಿಯೊ ಮಾಡುತ್ತೇನೆ. ಸ್ಪೇನಿನಲ್ಲಿ ಕಮಿನೊ ಎಂಬ ಯಾತ್ರಾದಾರಿಯನ್ನು ನಡೆದು ಬಂದವನು ನಾನು, ನಮ್ಮಲ್ಲೂ ಅಂಥದ್ದು ಒಂದು ಆಗಬೇಕು. ಏನನ್ನುತ್ತೀರಿ?
– ಓದುಗರು, ಬೆಂಗಳೂರು

ಮಗಾ, ನಿನ್ನ ಉತ್ಸಾಹ ನೋಡಿ ಸಂತೋಷ ಆಯಿತು. ಆ ಕಮಿನೊದ ಬಗ್ಗೆ ನಾನೂ ಓದಿದ್ದೇನೆ. ಫ್ರಾನ್ಸಿನ ಗಡಿಯಿಂದ ಸಾಂಟಿಯಾಗೊದವರೆಗೆ ಸುಮಾರು 800 ಕಿಲೋಮೀಟರ್, ದಾರಿಯುದ್ದಕ್ಕೂ ಹಳದಿ ಬಾಣದ ಗುರುತು, ಯಾತ್ರಿಕರಿಗೆ ಉಳಿಯಲು ಕಡಿಮೆ ಬಾಡಿಗೆಯ ವಸತಿ. ಬಾಣ ನೋಡಿಕೊಂಡು ಯಾರನ್ನೂ ಕೇಳದೆ ಹೋಗಬಹುದು, ಏಕೆಂದರೆ ಅದು ಎಲ್ಲರ ದಾರಿ ಅಂತ ನೂರಾರು ವರ್ಷಗಳಿಂದ ಒಪ್ಪಿಗೆಯಾಗಿದೆ.

ನಮ್ಮ ಕಾಲುದಾರಿ ಹಾಗಲ್ಲ. 1882ರ ಈಸ್‌ಮೆಂಟ್ಸ್ ಕಾಯಿದೆಯಲ್ಲಿ, 20 ವರ್ಷ ಅಡ್ಡಿಯಿಲ್ಲದೆ, ಹಕ್ಕೆಂದು ತಿಳಿದು ನಡೆದ ದಾರಿಗೆ ರಕ್ಷಣೆ ಇದೆ. ಆದರೆ ಅದು ತನ್ನ ಜಾಗಕ್ಕೆ ಹೋಗಲು ನೆರೆಯವನ ಜಾಗ ದಾಟಬೇಕಾದವನಿಗೆ. ಎಲ್ಲಿಂದಲೋ ಬಂದು ನಡೆದು ಹೋಗುವ ನನಗೂ ನಿನಗೂ ಅದರಲ್ಲಿ ಪಾಲಿಲ್ಲ. ನಮಗಿರುವುದು ಆ ಮನೆಯವರ ಒಪ್ಪಿಗೆ ಒಂದೇ. ಅದು ಒಮ್ಮೆ ಕೊಟ್ಟು ಮುಗಿಯುವುದಲ್ಲ, ಪ್ರತಿ ಸಲ ಕೇಳಿ ಪಡೆಯಬೇಕಾದದ್ದು. ನೀನು ಗೆರೆ ಎಳೆದು ಹಾಕಿದರೆ ನಾಳೆ ಬರುವವನು ಕಿವಿಗೆ ಏನೋ ಸಿಕ್ಕಿಸಿಕೊಂಡು, ತಲೆ ತಗ್ಗಿಸಿ ಫೋನು ನೋಡುತ್ತಾ, ಯಾರದೋ ಅಂಗಳದ ಅಡಿಕೆಯ ಮೇಲೆ ನಡೆದು ಹೋಗುತ್ತಾನೆ. ಅಂಥ ಹತ್ತು ಜನ ಹೋದರೆ ಸಾಕು, ತಡಮೆಗೆ ಗೇಟು ಬರುತ್ತದೆ, ಗೇಟಿಗೆ ಬೀಗ ಬರುತ್ತದೆ. ಆಗ ನಷ್ಟ ನಮಗಲ್ಲ, ಅದೇ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ, ಹಾಲು ಕೊಂಡುಹೋಗುವ ಅಜ್ಜಿಗೆ. ಈಗಲೇ ಎಷ್ಟೋ ದಾರಿ ಕಂಪೌಂಡ್ ಗೋಡೆಯೊಳಗೆ ಸೇರಿಹೋಗಿದೆ. ನಾನು ಪೋಲಿಯೊ ಹನಿ ಹಾಕಲು ಐದು ನಿಮಿಷದಲ್ಲಿ ಹೋಗುತ್ತಿದ್ದ ಮನೆಗೆ ಇವತ್ತು ರಸ್ತೆ ಸುತ್ತಿ ಮುಕ್ಕಾಲು ಗಂಟೆ ನಡೆಯಬೇಕು. ಅದನ್ನು ನೆನೆದರೆ ನನಗೆ ನಿಜವಾಗಿ ಸಂಕಟವಾಗುತ್ತದೆ.

ಹಾಗಾಗಿ ಊರುಗಳ ಹೆಸರು ಹಾಕು, ಬಸ್ಸಿನ ಹೊತ್ತು ಹಾಕು, ಪಂಚಾಯತು ರಸ್ತೆಗಳನ್ನು ಹಾಕು. ಅಂಗಳದೊಳಗಿನ ಗೆರೆ ಬೇಡ.

ವಿಡಿಯೊ ಬಗ್ಗೆ ಇನ್ನೂ ಗಟ್ಟಿಯಾಗಿ ಹೇಳುತ್ತೇನೆ. ಎಣ್ಮಕಜೆಯ ಪಡ್ರೆ, ಸ್ವರ್ಗ ಎಂಬ ಊರುಗಳ ಕಡೆ ನಡೆಯುವಾಗ ಕ್ಯಾಮೆರಾ ಚೀಲದೊಳಗೆ ಇರಲಿ. ಆ ಗುಡ್ಡೆಗಳ ಸರ್ಕಾರಿ ಗೇರುತೋಟಕ್ಕೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಗುಡ್ಡೆಯ ಮೇಲೆ ಸುರಿದದ್ದು ತೋಡಿಗೆ, ಸುರಂಗಕ್ಕೆ, ಬಾವಿಗೆ ಇಳಿಯಿತು. ದೇಶದಲ್ಲಿ ಅದನ್ನು ಸುಪ್ರೀಂ ಕೋರ್ಟು ತಡೆದದ್ದು 2011ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಎಷ್ಟು ಮನೆಗಳಲ್ಲಿ ಏನೇನು ಆಗಿಹೋಗಿತ್ತು ಎಂಬುದನ್ನು ನಾನು ಒಳಗೆ ಹೋಗಿ ನೋಡಿದವಳು. ತಲೆ ಎತ್ತಲಾಗದ ಮಗುವನ್ನು, ಈಗ ಮೂವತ್ತು ದಾಟಿದ ಮಗುವನ್ನು, ಇವತ್ತಿಗೂ ತಾಯಿಯೇ ಎತ್ತಿ ಮೀಯಿಸುತ್ತಾಳೆ. ಆ ತಾಯಂದಿರ ಮುಂದೆ ಬಂದು ಹೋದ ಕ್ಯಾಮೆರಾಗಳಿಗೆ ಲೆಕ್ಕವಿಲ್ಲ. ನೀನು ಬರಿಗೈಯಲ್ಲಿ ಹೋಗು. ಮಾತಾಡಿದರೆ ಕೂತು ಕೇಳು.

ನಮ್ಮಲ್ಲಿ ಸುಮ್ಮನೆ ನಡೆಯುವ ಸಂಪ್ರದಾಯವೇ ಇಲ್ಲ, ದೇವರಿಗೆ ಹರಕೆ ಹೊತ್ತು ಹೋಗುವುದು ಮಾತ್ರ. ಅಲ್ಲವೇ?
– ಓದುಗರು, ಉಡುಪಿ

ಧರ್ಮಸ್ಥಳಕ್ಕೆ ಶಿವರಾತ್ರಿಯ ಹೊತ್ತಿಗೆ ಹೋಗುವ ಪಾದಯಾತ್ರೆ, ಪಂಢರಪುರದ ವಾರಿ ನಿಮ್ಮ ಮನಸ್ಸಿನಲ್ಲಿ ಇರಬೇಕು. ಆದರೆ ನಡೆದವರು ಬೇರೆಯವರೂ ಇದ್ದರು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಕುಂಬಳೆ ಇದು. ಬಸ್ಸು, ಲಾರಿ ಬರುವ ಮೊದಲು ಯಕ್ಷಗಾನ ಮೇಳಗಳು ಊರಿಂದೂರಿಗೆ ಕಾಲ್ನಡೆಯಲ್ಲೇ ಹೋದದ್ದು, ವೇಷದ ಪೆಟ್ಟಿಗೆ ತಲೆಯ ಮೇಲೆ. ರಾತ್ರಿಯಿಡೀ ಕುಣಿದು ಬೆಳಿಗ್ಗೆ ಮುಂದಿನ ಊರಿಗೆ ನಡೆಯುವುದು! 1951ರಲ್ಲಿ ಪೋಚಂಪಳ್ಳಿಯಲ್ಲಿ ಭೂದಾನ ಶುರು ಮಾಡಿದ ವಿನೋಬಾ ಅವರೂ ಕೇರಳದ ಪಾದಯಾತ್ರೆ ಮುಗಿಸುತ್ತಾ 1957ರ ಆಗಸ್ಟಿನಲ್ಲಿ ನಮ್ಮ ಮಂಜೇಶ್ವರಕ್ಕೆ ಬಂದಿದ್ದರು. ಅವರು ಕೈಯೊಡ್ಡಿ ಕೇಳಿದ್ದು ಭೂಮಿಯನ್ನು, ನಾವು ಕೇಳುವುದು ಬರಿಯ ದಾರಿ.

ಹೆಂಡತಿ ಹೋಗಿ ಎಂಟು ತಿಂಗಳಾಯಿತು. ಮನೆಯಲ್ಲಿ ಬಂದವರೆಲ್ಲ ಮಾತಾಡುತ್ತಾರೆ, ನನಗೆ ಮಾತೇ ಬೇಡ. ಎಲ್ಲಾದರೂ ನಿಶ್ಶಬ್ದವಾಗಿ ಒಬ್ಬನೇ ನಡೆಯಬೇಕು ಅನಿಸುತ್ತದೆ. ನೀವು ಬರೆದ ದಾರಿ ನನಗೆ ಆಗುತ್ತದೆಯೇ?
– ಓದುಗರು, ಹಾಸನ

ಅಣ್ಣಾ, ನಿಮ್ಮ ಪತ್ರವನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದೆ.

ಆಗುತ್ತದೆ. ಆದರೆ ಮಾತೇ ಇಲ್ಲದ ದಾರಿ ಅಂತ ನಾನು ಸುಳ್ಳು ಹೇಳಲಾರೆ. ಅಂಗಳ ಬಂದಾಗ ಮಾತು ಬರುತ್ತದೆ. ಎರಡು ಅಂಗಳಗಳ ನಡುವೆ ಮಾತ್ರ ಪದವು ಇದೆ. ಮುರಕಲ್ಲಿನ ಚಪ್ಪಟೆ ಬಯಲು, ಮರವಿಲ್ಲ, ಮನೆಯಿಲ್ಲ, ಜನವರಿಯಲ್ಲಿ ಮೊಣಕಾಲೆತ್ತರ ಒಣಗಿದ ಮುಳಿಹುಲ್ಲು. ಒಂದೊಂದು ಪದವು ದಾಟಲು ಮುಕ್ಕಾಲು ಗಂಟೆ, ಒಂದು ಗಂಟೆ ಬೇಕು. ಅಲ್ಲಿ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಜೋರಾಗಿ ಅತ್ತರೂ ಕೇಳುವವರಿಲ್ಲ. ನಮ್ಮ ಯಜಮಾನರು ತೀರಿಕೊಂಡ ವರ್ಷ ನಾನು ಬಾಯಾರಿನ ಕಡೆಯ ಪದವುಗಳಲ್ಲಿ ನಡೆದದ್ದೇ ನಡೆದದ್ದು.

ಅಂಗಳಗಳಲ್ಲೂ ಒಂದು ಅನುಕೂಲ ಉಂಟು. ಅಲ್ಲಿ ಯಾರಿಗೂ ನಿಮ್ಮ ಕಥೆ ಗೊತ್ತಿಲ್ಲ. ‘ಎಲ್ಲಿಗೆ ಹೋಗಬೇಕು’ ಅಂತ ಮಾತ್ರ ಕೇಳುತ್ತಾರೆ, ‘ಹೇಗಿದ್ದೀರಿ’ ಅಂತ ತಲೆ ಓರೆ ಮಾಡಿ ಕೇಳುವುದಿಲ್ಲ. ಎಡಕ್ಕೆ ತಿರುಗಿ, ನಾಗಬನ ಸಿಗುತ್ತದೆ, ಅಲ್ಲಿಂದ ಇಳಿಯಿರಿ. ಇಷ್ಟೇ ಮಾತು. ನನಗೆ ಆಗ ಆ ಥರದ ಮಾತು ಸಹಿಸಲಾಗುತ್ತಿತ್ತು, ಬೇರೆಯದು ಆಗುತ್ತಿರಲಿಲ್ಲ.

ಊಟ ಬಿಡಬೇಡಿ. ಬೆಳಿಗ್ಗೆ ತಿಂಡಿ ತಿನ್ನದೆ ಹೊರಡಬೇಡಿ. ನಿಮ್ಮ ವಯಸ್ಸು ಬರೆದಿಲ್ಲ. ಬಿಪಿ, ಸಕ್ಕರೆ ಮಾತ್ರೆ ಇದ್ದರೆ ಎರಡು ಕಡೆ ಇಟ್ಟುಕೊಳ್ಳಿ, ಚೀಲದಲ್ಲೊಂದು, ಜೇಬಿನಲ್ಲೊಂದು. ದಿನಕ್ಕೊಮ್ಮೆ ಸಂಜೆ ಮಕ್ಕಳಲ್ಲಿ ಒಬ್ಬರಿಗೆ ಫೋನ್ ಮಾಡಿ, ಯಾವ ಊರಲ್ಲಿದ್ದೀರಿ ಅಂತ ಹೇಳಿ. ಬರುವುದಾದರೆ ಸಂಪಾದಕರಿಗೆ ತಿಳಿಸಿ, ಯಾವ ಪದವು ಎಲ್ಲಿ ಶುರು ಎಲ್ಲಿ ಮುಗಿಯುತ್ತದೆ ಅಂತ ನಾನೇ ಕೈಯಲ್ಲಿ ಬರೆದು ಕಳಿಸುತ್ತೇನೆ.

ದಾರಿಯಲ್ಲಿ ಊಟ, ನೀರು ಕೊಟ್ಟವರಿಗೆ ಹಣ ಕೊಡಬಹುದೇ?
– ಓದುಗರು, ಬಳ್ಳಾರಿ

ಹಣ ಬೇಡ, ಬೇಸರ ಮಾಡಿಕೊಳ್ಳುತ್ತಾರೆ. ಮಕ್ಕಳಿದ್ದರೆ ಒಂದು ಪೆನ್ನು, ಪುಸ್ತಕ. ಅಂಗಡಿಯಲ್ಲಿ ಚಾ ಕುಡಿದಾಗ ಕೊಡಿ, ಬೊಂಡ (ಎಳನೀರು) ಕಡಿದು ಕೊಡುವವರಿಗೆ ಕೊಡಿ.

ನಾನು ಗಡಿಭಾಗದ ಕನ್ನಡ ಶಾಲೆಯೊಂದರ ಅಧ್ಯಾಪಕಿ. ನಮ್ಮ ಮಕ್ಕಳು ಈಗ ಎಲ್ಲರೂ ಶಾಲಾ ವ್ಯಾನಿನಲ್ಲಿ ಬರುತ್ತಾರೆ, ಊರ ಒಳದಾರಿ ಅವರಿಗೆ ಗೊತ್ತೇ ಇಲ್ಲ. ಏನಾದರೂ ಮಾಡಬಹುದೇ?
– ಓದುಗರು, ಎಣ್ಮಕಜೆ

ಟೀಚರೇ, ಈ ಪತ್ರಕ್ಕೆ ಕಾದು ಕೂತ ಹಾಗಿತ್ತು ನನಗೆ. ಕ್ರಿಸ್ಮಸ್ ರಜೆಯಲ್ಲೇ ಶುರು ಮಾಡಿ. ಮಕ್ಕಳನ್ನು ನಾಲ್ಕು ನಾಲ್ಕು ಜನರ ಗುಂಪು ಮಾಡಿ, ಒಬ್ಬೊಬ್ಬರ ಅಜ್ಜ ಅಥವಾ ಅಜ್ಜಿಯ ಜತೆ ಮನೆಯಿಂದ ಶಾಲೆಯವರೆಗೆ ಹಳೆಯ ಕಾಲುದಾರಿಯಲ್ಲಿ ನಡೆಸಿ. ಯಾವ ತಡಮೆ, ಯಾರ ಅಂಗಳ, ಯಾವ ಕಟ್ಟ, ಯಾವ ಸಂಕ, ಎಲ್ಲಿ ಗೋಡೆ ಬಂದು ದಾರಿ ನಿಂತಿತು ಅಂತ ಮಕ್ಕಳೇ ಡ್ರಾಯಿಂಗ್ ಹಾಳೆಯಲ್ಲಿ ಬಿಡಿಸಲಿ. ಇದು ಹೊರಗಿನವರಿಗೆ ಹಂಚುವ ನಕ್ಷೆಯಲ್ಲ, ಊರಿನದ್ದೇ ನಕ್ಷೆ, ಶಾಲೆಯಲ್ಲಿ ಇರಲಿ. ಗೋಡೆ ಬಂದ ಕಡೆ ಮಕ್ಕಳನ್ನೇ ಕರೆದುಕೊಂಡು ಆ ಮನೆಗೆ ಹೋಗಿ, ‘ಇಲ್ಲಿ ಒಂದು ತಡಮೆ ಬಿಡುತ್ತೀರಾ?’ ಅಂತ ಕೇಳಿಸಿ. ಎಲ್ಲರೂ ಬಿಡುವುದಿಲ್ಲ, ಒಬ್ಬಿಬ್ಬರು ಬಿಟ್ಟಾರು. ಯಾವ ದಿನ ಅಂತ ಒಂದು ವಾರ ಮೊದಲು ಹೇಳಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹಿಡಿದುಕೊಂಡು ನಾನೂ ಬರುತ್ತೇನೆ. ಮಕ್ಕಳಿಗೆಲ್ಲ ಶೂ ಇರಲಿ, ಚಪ್ಪಲಿ ಬೇಡ.